ಗಡಿಯೂರ ಗಾಡಿ ಚೈನೀಸ್: ಒಂದು ಮೀಮಾಂಸೆ

ಕನ್ನಡ ಸೀಮೆಯ ಬಡಗಣ ಮೇರೆ ಎಲ್ಲಿ ಎಂಬ ಪ್ರಶ್ನೆಗೆ ವಿದ್ವಾಂಸರು ಸಾವಿರದ ಚಿಲ್ಲರೆ ವರ್ಷಗಳಿಂದ ತಲೆ ಕೆಡಿಸಿಕೊಂಡಿದ್ದಾರೆ. ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ ಗೋದಾವರಿಯತ್ತ ಬೊಟ್ಟು ಮಾಡಿ ಸುಮ್ಮನಾಯಿತು. 1956ರ ನವೆಂಬರ್ 1ರಂದು ಹೈದರಾಬಾದ್ ರಾಜ್ಯವನ್ನು ಮೂರು ಪಾಲು ಮಾಡಿದವರು ಬೀದರ ಜಿಲ್ಲೆಯ ಉದಗೀರ, ನಿಲಂಗಾ, ಅಹಮದಪುರ ತಾಲೂಕುಗಳನ್ನು ಬಿಡಿಸಿ ಮುಂಬಯಿ ರಾಜ್ಯದ ಮಡಿಲಿಗೆ ಹಾಕಿದರು. 1966ರಲ್ಲಿ ಗಡಿ ತಂಟೆಗೆಂದು ಮಹಾಜನ ಆಯೋಗ ಬಂತು, 1967ರಲ್ಲಿ ವರದಿ ಬಂತು, 2004ರಲ್ಲಿ ದಾವೆ ಸುಪ್ರೀಂ ಕೋರ್ಟು ಮುಟ್ಟಿತು. ಇಷ್ಟೆಲ್ಲ ಜನಗಣತಿ, ನಕಾಶೆ, ವಾದ, ಪ್ರತಿವಾದಗಳ ನಡುವೆ ಒಬ್ಬನೇ ಒಬ್ಬ ಪಂಡಿತ ಸಂಜೆ ಏಳರ ಮೇಲೆ ಉಮರ್ಗಾದ ಬಸ್ ಸ್ಟ್ಯಾಂಡಿನ ಆಸುಪಾಸು ನಿಂತು, ಒಂದು ಪ್ಲೇಟು ಮಂಚೂರಿಯನ್ ತರಿಸಿ, ಅದನ್ನು ಉಗುರಿನಿಂದ ಹೋಳು ಮಾಡಿ ಒಳಗೆ ನೋಡಿದ ದಾಖಲೆ ನಮಗೆ ಸಿಕ್ಕಿಲ್ಲ. ಆ ಕೊರತೆಯನ್ನು ತುಂಬುವುದೇ ಪ್ರಸ್ತುತ ಪ್ರಬಂಧದ ಉದ್ದೇಶ.

ನಮ್ಮ ಪ್ರಮೇಯ ಇಷ್ಟೇ: ತೆಂಕಣದಿಂದ ಬಡಗಣಕ್ಕೆ ಹೊರಟ ಪ್ರಯಾಣಿಕನು ಮಂಚೂರಿಯನ್ ಕಚ್ಚುತ್ತ ಕಚ್ಚುತ್ತ ಸಾಗಿದರೆ, ಯಾವ ಊರಿನಲ್ಲಿ ಹಲ್ಲಿಗೆ ಸಿಗುವ ಹೂಕೋಸಿನ ದಂಟು ಕಾಣೆಯಾಗಿ ಹೆಚ್ಚಿದ ಎಲೆಕೋಸಿನ ಉಂಡೆ ಪ್ರತ್ಯಕ್ಷವಾಗುತ್ತದೋ ಅಲ್ಲಿಗೆ ಕರ್ನಾಟಕ ಸಂಸ್ಕೃತಿ ಮುಗಿಯಿತು. ಬೆಂಗಳೂರು, ಹುಬ್ಬಳ್ಳಿ, ಕಲಬುರಗಿಗಳಲ್ಲಿ ಗೋಬಿ ಮಂಚೂರಿ ಎಂದರೆ ಹೂಕೋಸು. ಪುಣೆ, ಸೋಲಾಪುರ, ಲಾತೂರಗಳ ಗಾಡಿಗಳಲ್ಲಿ ಮಂಚೂರಿಯನ್ ಎಂದರೆ ಎಲೆಕೋಸು, ಗಜ್ಜರಿ, ಮೈದಾ, ಕಾರ್ನ್‌ಫ್ಲೋರ್ ಕಲಸಿ ಕರಿದ ಉಂಡೆ. ಈ ಎರಡು ಸಾಮ್ರಾಜ್ಯಗಳ ಸಂಧಿ ಎಲ್ಲೋ ಇರಲೇಬೇಕಲ್ಲ? ಆ ಸಂಧಿಯ ಹುಡುಕಾಟದಲ್ಲಿ ನಾವು ಕಳೆದುಕೊಂಡ ಹೊಟ್ಟೆಯ ಆರೋಗ್ಯವನ್ನು ನಾಡು ಎಂದಾದರೂ ನೆನೆದೀತೆಂಬ ಭರವಸೆಯಿದೆ.

ಕ್ಷೇತ್ರ ನಿರ್ಣಯ

ಮೂರು ಊರುಗಳನ್ನು ಆರಿಸಿಕೊಂಡೆವು. ಮೊದಲನೆಯದು ಉಮರ್ಗಾ, 2023ರಲ್ಲಿ ಧಾರಾಶಿವವೆಂದು ಹೆಸರು ಬದಲಿಸಿಕೊಂಡ ಉಸ್ಮಾನಾಬಾದ ಜಿಲ್ಲೆಯ ತಾಲೂಕು ಸ್ಥಳ. ಸೋಲಾಪುರ–ಹೈದರಾಬಾದ್ ಹೆದ್ದಾರಿಯ ಮೇಲಿರುವುದರಿಂದ ಇಲ್ಲಿನ ಸಂಸ್ಕೃತಿಯಲ್ಲಿ ಡೀಸೆಲ್ಲಿನ ಅಂಶ ತುಸು ಹೆಚ್ಚು. ಎರಡನೆಯದು ನಿಲಂಗಾ; 1985–86ರಲ್ಲಿ ಮಹಾರಾಷ್ಟ್ರಕ್ಕೆ ಶಿವಾಜಿರಾವ್ ಪಾಟೀಲ ನಿಲಂಗೇಕರರೆಂಬ ಮುಖ್ಯಮಂತ್ರಿಯನ್ನು ಕೊಟ್ಟ ಊರು. ‘ನಿಲಂಗಾ ರೈಸ್’ ಎಂಬ ಹಳದಿ ಮಸಾಲೆ ಅನ್ನವನ್ನೂ ಇದೇ ಊರು ಕೊಟ್ಟಿದ್ದು, ಎರಡರಲ್ಲಿ ಯಾವುದು ಹೆಚ್ಚು ಕಾಲ ಬಾಳಿತು ಎಂಬುದನ್ನು ರಾಜ್ಯಶಾಸ್ತ್ರದವರು ನೋಡಿಕೊಳ್ಳಲಿ. ಮೂರನೆಯದು ಉದಗೀರ. 1760ರ ಫೆಬ್ರವರಿಯಲ್ಲಿ ಸದಾಶಿವರಾವ್ ಭಾವೂ ನಿಜಾಮನ ಸೇನೆಯನ್ನು ಸೋಲಿಸಿದ್ದು ಇಲ್ಲೇ. ಆ ಗೆಲುವಿನ ಹುಮ್ಮಸ್ಸಿನಲ್ಲೇ ಪಾಣಿಪತ್ತಿಗೆ ಹೋಗಿ ಮರುವರ್ಷ ಏನಾದರೆಂಬುದು ಎಲ್ಲರಿಗೂ ಗೊತ್ತು. 2022ರ ಏಪ್ರಿಲ್‌ನಲ್ಲಿ 95ನೆಯ ಅಖಿಲ ಭಾರತ ಮರಾಠಿ ಸಾಹಿತ್ಯ ಸಮ್ಮೇಳನ ಸೇರಿದ್ದೂ ಇಲ್ಲೇ. ಸಾಹಿತಿಗಳಿಗೂ ಸಂಜೆ ಹಸಿವಾಗುತ್ತದೆ ಎಂಬುದನ್ನು ಬಿಟ್ಟರೆ ಸಮ್ಮೇಳನಕ್ಕೂ ನಮ್ಮ ವಿಷಯಕ್ಕೂ ಸಂಬಂಧವಿಲ್ಲ.

ಈ ಸೀಮೆಯಲ್ಲಿ ಮನೆಯೊಳಗೆ ಕನ್ನಡ, ಸಾಲಿಯಲ್ಲಿ ಮರಾಠಿ, ಬಜಾರದಲ್ಲಿ ದಖನಿ ಎಂದು ಮಾತು ಪಾಳಿ ಹಚ್ಚಿ ದುಡಿಯುತ್ತದೆ. ಅಡುಗೆಮನೆಯಲ್ಲಿ ಜೋಳದ ರೊಟ್ಟಿ, ಶೇಂಗಾ ಹಿಂಡಿ, ಪುಂಡಿ ಪಲ್ಯ, ಝುಣಕ. ಎಳ್ಳಮವಾಸ್ಯೆಗೆ ಹೊಲದಲ್ಲಿ ಕೂತು ಭಜ್ಜಿ, ಅಂಬಲಿ ಉಣ್ಣುವುದು ಗಡಿಯ ಈಚೆಗೂ ಆಚೆಗೂ ಒಂದೇ. ಅಂದಮೇಲೆ ರೊಟ್ಟಿಯಿಂದಾಗಲೀ ಭಜ್ಜಿಯಿಂದಾಗಲೀ ಗಡಿ ಗೊತ್ತಾಗುವುದು ಸಾಧ್ಯವೇ ಇಲ್ಲ. ಎರಡೂ ಕಡೆಯವರು ಹೊರಗಿನಿಂದ ತಂದುಕೊಂಡ ವಸ್ತುವೊಂದೇ ನಿಷ್ಪಕ್ಷಪಾತ ಸಾಕ್ಷಿಯಾದೀತು. ಚೀನಾ ದೇಶದ್ದೆಂದು ಹೇಳಲಾಗುವ, ಚೀನಾ ಕಂಡರಿಯದ ಪದಾರ್ಥಕ್ಕಿಂತ ನಿಷ್ಪಕ್ಷಪಾತಿ ಇನ್ನಾವುದಿದೆ?

ಪೂರ್ವಸೂರಿಗಳು

ಈ ಪ್ರಾಂತಕ್ಕೆ ಬಂದು ಬರೆದಿಟ್ಟುಹೋದ ಚೀನೀಯರಲ್ಲಿ ಅಗ್ರಗಣ್ಯ ಹ್ಯುಯೆನ್ ತ್ಸಾಂಗ್. ಏಳನೆಯ ಶತಮಾನದ ನಡುವೆ ಬಾದಾಮಿಯ ಇಮ್ಮಡಿ ಪುಲಕೇಶಿಯ ರಾಜ್ಯವನ್ನು ಆತ ಕಂಡ. ಇಲ್ಲಿಯವರು ಉಪಕಾರ ಮರೆಯುವುದಿಲ್ಲ, ಅವಮಾನವನ್ನಂತೂ ಮರೆಯುವುದೇ ಇಲ್ಲ ಎಂದು ಬರೆದ. ಸೋತು ಬಂದ ಸೇನಾಪತಿಗೆ ಹೆಂಗಸರ ಉಡುಪು ಕೊಡುತ್ತಾರೆ, ಯುದ್ಧಕ್ಕೆ ಹೊರಡುವ ಮೊದಲು ಆನೆಗಳಿಗೆ ಮದ್ಯ ಕುಡಿಸುತ್ತಾರೆ ಎಂದೂ ಬರೆದ. (ಕೊನೆಯ ಸಂಗತಿಯನ್ನು ಹೆದ್ದಾರಿ ಬದಿಯ ‘ಫ್ಯಾಮಿಲಿ ಗಾರ್ಡನ್ ಮತ್ತು ಪರ್ಮಿಟ್ ರೂಮ್’ಗಳ ಪ್ರಾಚೀನತೆಗೆ ಆಧಾರವಾಗಿ ಬಳಸಬಹುದು, ಆನೆಯ ಬದಲು ಈಗ ಟ್ರಕ್ಕಿನ ಡ್ರೈವರು ಬಂದಿರುವುದನ್ನು ಕಾಲಧರ್ಮವೆಂದು ತಿಳಿಯತಕ್ಕದ್ದು.) ಆದರೆ ಇಷ್ಟು ಸೂಕ್ಷ್ಮವಾಗಿ ನೋಡಿದ ಮಹಾನುಭಾವ ಮಂಚೂರಿಯನ್ ಬಗ್ಗೆ ಒಂದಕ್ಷರ ಬರೆದಿಲ್ಲ. ಇದರಿಂದ ಎರಡು ಅನುಮಾನ ಸಾಧ್ಯ: ಆಗ ಗಾಡಿಗಳಿರಲಿಲ್ಲ, ಅಥವಾ ಆತ ಹೋದ ದಿನ ಗಾಡಿ ಬಂದ್ ಇತ್ತು. ನಮ್ಮ ಒಲವು ಎರಡನೆಯದರ ಕಡೆಗೆ.

ಉಮರ್ಗಾದಿಂದ ತುಸುವೇ ದೂರದ ಬಸವಕಲ್ಯಾಣ ಚಾಲುಕ್ಯರ ರಾಜಧಾನಿಯಾಗಿದ್ದಾಗ, ಹನ್ನೆರಡನೆಯ ಶತಮಾನದಲ್ಲಿ ಮೂರನೆಯ ಸೋಮೇಶ್ವರ ಸಂಸ್ಕೃತದಲ್ಲಿ ‘ಮಾನಸೋಲ್ಲಾಸ’ ರಚಿಸಿದ. ಅದರ ಅನ್ನಭೋಗದಲ್ಲಿ ವಡೆ ಉಂಟು, ದೋಸೆ ಉಂಟು, ಸುಟ್ಟ ಹೊಲದಿಲಿಯೂ ಉಂಟು. ಕರಿದ ಉಂಡೆಯನ್ನು ದ್ರವದಲ್ಲಿ ನೆನೆಸುವ ತತ್ತ್ವ ಅಲ್ಲೇ ಇದೆ ಎಂದಮೇಲೆ ಗ್ರೇವಿ ಮಂಚೂರಿಯನ್ನಿನ ತವರು ಕಲ್ಯಾಣವೇ ಎಂದು ವಾದಿಸುವುದಕ್ಕೆ ನಮಗೆ ಯಾವ ಸಂಕೋಚವೂ ಇರಲಿಲ್ಲ. ಅದಕ್ಕೂ ಹಿಂದೆ, 1025ರಲ್ಲಿ, ಚಾವುಂಡರಾಯನು ಕನ್ನಡದಲ್ಲಿ ಬರೆದ ‘ಲೋಕೋಪಕಾರ’ದಲ್ಲೂ ಸೂಪಶಾಸ್ತ್ರವಿದೆ. ಅಡ್ಡಿಯೊಂದೇ: ಹೂಕೋಸು ಭಾರತಕ್ಕೆ ಬಂದದ್ದು 1822ರಲ್ಲಿ, ಸಹಾರನಪುರದ ಕಂಪನಿ ತೋಟಕ್ಕೆ. ಚಾಲುಕ್ಯರು ಹೂಕೋಸಿಲ್ಲದೆ ಏಳು ನೂರು ವರ್ಷ ಮೊದಲೇ ಗೋಬಿ ಮಂಚೂರಿ ಮಾಡಿದ್ದರೆಂಬುದು ಅವರ ಪ್ರತಿಭೆಯನ್ನು ಹೆಚ್ಚಿಸುತ್ತದೆಯೇ ಹೊರತು ಕುಗ್ಗಿಸುವುದಿಲ್ಲ.

ಪ್ರತಿಪಕ್ಷದವರು ಇನ್ನೊಂದು ಕಥೆ ಹೇಳುತ್ತಾರೆ. ಕೋಲ್ಕತ್ತದ ಚೀನೀ ಮನೆತನದಲ್ಲಿ ಹುಟ್ಟಿದ ನೆಲ್ಸನ್ ವಾಂಗ್ ಎಂಬ ಬಾಣಸಿಗ 1975ರಲ್ಲಿ ಮುಂಬಯಿಯ ಕ್ರಿಕೆಟ್ ಕ್ಲಬ್ ಆಫ್ ಇಂಡಿಯಾದಲ್ಲಿ ಏನಾದರೂ ಹೊಸದು ಮಾಡು ಎಂದ ಗಿರಾಕಿಗಾಗಿ ಶುಂಠಿ, ಬೆಳ್ಳುಳ್ಳಿ, ಹಸಿಮೆಣಸಿನಕಾಯಿ ಹುರಿದು, ಗರಂ ಮಸಾಲೆ ಹಾಕುವ ಜಾಗದಲ್ಲಿ ಸೋಯಾ ಸಾಸ್ ಸುರಿದು, ಕಾರ್ನ್‌ಫ್ಲೋರಿನಿಂದ ಗಟ್ಟಿ ಮಾಡಿ, ಕರಿದ ಕೋಳಿಯನ್ನು ಅದರಲ್ಲಿ ಬಿಟ್ಟನಂತೆ. ಕೋಳಿ ಹೋಗಿ ಕೋಸು ಬಂದದ್ದು ಆಮೇಲಿನ ಮಾತು. ನಮ್ಮ ಚಾಲುಕ್ಯ ಸಿದ್ಧಾಂತಕ್ಕೆ ಈ ಕಥೆಯಿಂದ ಬಾಧೆಯಿಲ್ಲ. ಮರೆತದ್ದನ್ನು ಮತ್ತೆ ಕಂಡುಹಿಡಿದವನಿಗೂ ಒಂದು ಶಾಲು ಹೊದಿಸುವುದು ನಮ್ಮ ಕಡೆಯ ಪದ್ಧತಿ.

ಗಾಡಿ ಶಾಸನದ ಪಾಠ

ಗಾಡಿಯ ಹಣೆಗೆ ಬಡಿದ ತಗಡಿನ ಫಲಕವನ್ನು ನಾವು ಶಾಸನವೆಂದೇ ಓದಿದ್ದೇವೆ. ಈ ನೆಲಕ್ಕೆ ಶಾಸನ ಹೊಸದಲ್ಲ. ಲಾತೂರನ್ನೇ ತಮ್ಮ ಮೂಲವೆಂದು ಸಾರುತ್ತ ರಾಷ್ಟ್ರಕೂಟರು ‘ಲಟ್ಟಲೂರ್ಪುರವರಾಧೀಶ್ವರ’ ಎಂದು ಬಿರುದು ಕೊರೆಸಿಕೊಂಡರು. ತಗಡಿನ ಮೇಲಿನ ‘ಚೈನೀಸ್ ಕಿಂಗ್’ ಎಂಬುದು ಅದೇ ಬಿರುದಾವಳಿಯ ಕೊನೆಯ ಕುಡಿ.

ಕಲ್ಲಿನ ನೆತ್ತಿಯಲ್ಲಿ ಸೂರ್ಯ, ಚಂದ್ರ, ಲಿಂಗ, ಹಸು-ಕರು ಇದ್ದರೆ ತಗಡಿನ ನೆತ್ತಿಯಲ್ಲಿ ‘ಶ್ರೀ ಗಣೇಶ ಪ್ರಸನ್ನ’ ಮತ್ತು ಬೆಂಕಿಯುಗುಳುವ ಡ್ರ್ಯಾಗನ್. ನಮ್ಮ ಪೇಂಟರರು ಡ್ರ್ಯಾಗನ್ ಕಂಡವರಲ್ಲ. ಅವರು ಕಂಡದ್ದು ನಾಗಪ್ಪನನ್ನು, ದೇವಣಿ ಹೋರಿಯನ್ನು, ಜಾತ್ರೆಯ ತೇರಿನ ಮೇಲಿನ ಯಾಳಿಯನ್ನು. ಹೀಗಾಗಿ ಈ ಶೈಲಿಯ ಡ್ರ್ಯಾಗನ್ನಿಗೆ ಹೆಡೆ ಇರುತ್ತದೆ, ಹೆಡೆಯ ಮೇಲೆ ಕೊಂಬು ಇರುತ್ತದೆ, ಕೊರಳಲ್ಲಿ ಗೆಜ್ಜೆಯಂಥದೇನೋ ಇಣುಕುತ್ತದೆ; ಮುಖದಲ್ಲಿ ಮಾತ್ರ ಊಟಕ್ಕೆ ಕರೆಯದೆ ಹೋದ ಬೀಗರ ಮುನಿಸು. ಕಲಾ ಇತಿಹಾಸಕಾರರು ಇದನ್ನು ಪ್ರತ್ಯೇಕ ಶೈಲಿಯೆಂದು ಗುರುತಿಸಲು ಇನ್ನು ತಡಮಾಡಕೂಡದು.

ಅದರ ಕೆಳಗೆ ದತ್ತಿಯ ವಿವರ. ಮಂಚಾವ್ ಸೂಪ್, ಹಕ್ಕಾ ನೂಡಲ್ಸ್, ಶೆಜ್ವಾನ್ ರೈಸ್, ಟ್ರಿಪಲ್ ರೈಸ್, ಚೈನೀಸ್ ಭೇಳ್, ಮಂಚೂರಿಯನ್; ಪ್ರತಿಯೊಂದರ ಮುಂದೆ ‘ಹಾಫ್’ ‘ಫುಲ್’ ಎಂಬ ಎರಡು ಅಂಕಣ. ಶಾಸನಗಳ ಮತ್ತರು, ಕಮ್ಮಗಳು ಆಯಾ ಊರಿನ ಅಳತೆಗೋಲಿಗೆ ತಕ್ಕಂತೆ ಹಿಗ್ಗಿ ಕುಗ್ಗುತ್ತಿದ್ದಂತೆ ಹಾಫೂ ಊರಿಂದೂರಿಗೆ ಬೇರೆ. ಉಮರ್ಗಾದ ಹಾಫ್ ಲಾರಿ ಡ್ರೈವರನ ಹೊಟ್ಟೆಯನ್ನು ನೆಚ್ಚಿ ಅಳೆದದ್ದು, ನಿಲಂಗಾದ ಹಾಫ್ ಕಾಲೇಜು ಹುಡುಗನ ಕಿಸೆಯನ್ನು ನೆಚ್ಚಿ ಅಳೆದದ್ದು. ದರದ ಅಂಕಿಗಳ ಮೇಲೆ ಬಿಳಿ ಬಣ್ಣ ಬಳಿದು ಹೊಸ ಅಂಕಿ, ಅದರ ಮೇಲೆ ಇನ್ನೊಂದು ಬಳಿತ, ಇನ್ನೊಂದು ಅಂಕಿ. ಎಡಗಡೆಯಿಂದ ಬೆಳಕು ಬಿದ್ದಾಗ ಕೆಳಗಿನ ಪದರದ ಹಳೆಯ ದರ ಕಾಣುತ್ತದೆ. ಆ ದರವನ್ನು ಓದಿ ಹೇಳಿದ ಸಂಶೋಧಕನಿಗೆ ಮಾಲಕನಿಂದ ದೊರೆತ ಗೌರವವನ್ನು ಇಲ್ಲಿ ವಿವರಿಸುವುದು ಔಚಿತ್ಯವಲ್ಲ.

ಕೊನೆಯಲ್ಲಿ ಶಾಪಾಶಯ. ಈ ಧರ್ಮವನ್ನು ಕೆಡಿಸಿದವರು ವಾರಣಾಸಿಯಲ್ಲಿ ಕವಿಲೆ ಕೊಂದ ಪಾಪಕ್ಕೆ ಹೋಗುತ್ತಾರೆಂದು ಕಲ್ಲು ಹೆದರಿಸುತ್ತಿತ್ತು. ತಗಡು ಅಷ್ಟು ದೂರ ಹೋಗುವುದಿಲ್ಲ. ಇವತ್ತು ರೊಕ್ಕ, ನಾಳೆ ಉದ್ರಿ ಎಂದು ಮರಾಠಿಯಲ್ಲಿ ಬರೆದು, ಪಕ್ಕದಲ್ಲಿ ಎರಡು ಮೆಣಸಿನಕಾಯಿ ಚಿತ್ರ ಬಿಡಿಸಿ ಬಿಡುತ್ತದೆ.

ಪಾಠಾಂತರಗಳಿಗೆ ಕೊನೆಯಿಲ್ಲ. ಒಂದೇ ಬೀದಿಯ ಮೂರು ಗಾಡಿಗಳಲ್ಲಿ ‘ಚೈನೀಸ್’ ಮೂರು ತೆರನಾಗಿ ಕಾಣಸಿಕ್ಕಿತು. ಯಾವುದು ಶುದ್ಧಪಾಠವೆಂದು ಪೇಂಟರನನ್ನೇ ಕೇಳಿದಾಗ, “ತಗಡಿನ ಮ್ಯಾಲ ಜಾಗಾ ಎಷ್ಟ್ ಉಳದಿರ್ತದೋ ಅಷ್ಟ್ ಅಕ್ಷರ ರೀ ಸರ” ಎಂದ. ಗ್ರಂಥ ಸಂಪಾದನಾಶಾಸ್ತ್ರದಲ್ಲಿ ಇಷ್ಟು ಸ್ಪಷ್ಟವಾದ ನಿಯಮ ನಾವು ಬೇರೆಲ್ಲೂ ಓದಿಲ್ಲ.

ಒಳಗೇನಿದೆ

ಈಗ ಪ್ರಕೃತಕ್ಕೆ ಬರೋಣ. ಗ್ಯಾಸಿನ ಭಟ್ಟಿ ವಿಮಾನ ಏರುವ ಸದ್ದು ಮಾಡುತ್ತಿರುತ್ತದೆ. ಕರಿದ ಉಂಡೆಗಳು ಮಧ್ಯಾಹ್ನವೇ ತಯಾರಾಗಿ ಸ್ಟೀಲಿನ ಪರಾತದಲ್ಲಿ ಗುಡ್ಡೆ ಬಿದ್ದಿರುತ್ತವೆ. ಮುಚ್ಚಳಕ್ಕೆ ಮೊಳೆಯಿಂದ ತೂತು ಹೊಡೆದ ಮೂರು ಬಾಟಲಿಗಳು: ಕಪ್ಪು, ಕೆಂಪು, ಬಿಳಿ. ಹುಡುಗ ಕಡಾಯಿಗೆ ಎಣ್ಣೆ ಬಿಟ್ಟು ಬೆಳ್ಳುಳ್ಳಿ ಎಸೆಯುತ್ತಾನೆ, ಉಳ್ಳಾಗಡ್ಡಿ ಎಸೆಯುತ್ತಾನೆ, ಕಡಾಯಿಯನ್ನು ಒಂದು ಬಾರಿ ಝಾಡಿಸುತ್ತಾನೆ. ಉರಿ ಅವನ ಹುಬ್ಬಿನ ತನಕ ಎದ್ದು ಇಳಿಯುತ್ತದೆ. ನಿಂತವರೆಲ್ಲ ಅರ್ಧ ಹೆಜ್ಜೆ ಹಿಂದೆ ಸರಿಯುತ್ತಾರೆ. ಆಗ ಅವನು ಡಬ್ಬಿಯಿಂದ ಬಿಳಿಯ ಪುಡಿಯನ್ನು ಬೆರಳ ತುದಿಯಲ್ಲಿ ಚಿವುಟಿ ಒಗೆಯುತ್ತಾನೆ. 1908ರಲ್ಲಿ ಜಪಾನಿನ ಇಕೆಡಾ ಕಿಕುನಾಯೆ ಕಡಲ ಪಾಚಿಯ ಸಾರಿನಿಂದ ಆ ರುಚಿಯನ್ನು ಬೇರ್ಪಡಿಸಿದ; ಮರುವರ್ಷ ಅದು ಅಜಿನೋಮೋಟೋ ಎಂಬ ಹೆಸರಿನಲ್ಲಿ ಮಾರಾಟಕ್ಕೆ ಬಂತು. ಕಡಲಿನ ಗಾಳಿಯೂ ಸೋಂಕದ ಉದಗೀರದಲ್ಲಿ ಅದು ‘ಟೇಸ್ಟಿಂಗ್ ಪೌಡರ್’ ಆಗಿ, ಕಡಾಯಿಯ ಮೇಲೆ ಅಕ್ಷತೆ ಬೀಳುವಂತೆ ಬೀಳುತ್ತದೆ.

ಕಪ್ಪು ಬಾಟಲಿಯ ವಿಚಾರ ಇನ್ನೂ ಗಹನವಾದದ್ದು. ಈ ಪ್ಲೇಟಿನಲ್ಲಿ ಚೀನಾಕ್ಕೆ ನಿಜವಾಗಿ ಸಂಬಂಧಪಟ್ಟ ಪದಾರ್ಥ ಯಾವುದಾದರೂ ಇದ್ದರೆ ಅದು ಸೋಯಾ. ಅದರ ಬೀಜ ಬೆಳೆಯುವುದು ನಮ್ಮ ಹೊಲದಲ್ಲೇ. ಲಾತೂರ ಸೋಯಾಬೀನಿನ ದೊಡ್ಡ ಪೇಟೆ. ಮುಂಗಾರು ಬಿದ್ದರೆ ನಿಲಂಗಾ, ಔಸಾ, ಉದಗೀರದ ಕಪ್ಪು ಮಣ್ಣಿನ ತುಂಬ ಅದೇ. 2024–25ಕ್ಕೆ ಕೇಂದ್ರ ಸರ್ಕಾರ ಕ್ವಿಂಟಲಿಗೆ 4,892 ರೂಪಾಯಿ ಬೆಂಬಲ ಬೆಲೆ ಹೇಳಿತು, ಪೇಟೆ ಅಷ್ಟು ಕೊಡಲಿಲ್ಲ, ವಿಧಾನಸಭೆ ಚುನಾವಣೆಯಲ್ಲಿ ಅದೇ ದೊಡ್ಡ ಕೂಗಾಯಿತು. ಅಂದರೆ ರೈತನೊಬ್ಬ ಅಡತಿ ಅಂಗಡಿಯಲ್ಲಿ ಸೋಯಾ ಸುರಿದು, ದರಕ್ಕೆ ಬೈದು, ಅದೇ ಸಿಟ್ಟಿನಲ್ಲಿ ಹೊರಗೆ ಬಂದು, ಗಾಡಿಯ ಮುಂದೆ ನಿಂತು ತನ್ನ ಬೆಳೆಯ ದೂರದ ಸಂಬಂಧಿಯನ್ನು ಬಾಟಲಿ ದರದಲ್ಲಿ ತಿಂದು ಹೋಗುತ್ತಾನೆ. ಅಂತಾರಾಷ್ಟ್ರೀಯ ವ್ಯಾಪಾರದ ಪಠ್ಯಪುಸ್ತಕಗಳು ಇದನ್ನು ಏನೆಂದು ಕರೆಯುತ್ತವೋ. ನಿಲಂಗಾದ ರೈತರೊಬ್ಬರು ಕರೆದ ಹೆಸರು ಮುದ್ರಣಯೋಗ್ಯವಲ್ಲ.

ಇನ್ನು ಉಂಡೆಯ ಗರ್ಭ. ದಕ್ಷಿಣದಿಂದ ಬರುವ ಹೂಕೋಸು ಪಂಥ ಮೂರು ದಾರಿಗಳಲ್ಲಿ ಒಳನುಗ್ಗಿರುವುದನ್ನು ಗುರುತಿಸಿದ್ದೇವೆ: ಬಸವಕಲ್ಯಾಣದ ಕಡೆಯಿಂದ ಹೆದ್ದಾರಿ ಹಿಡಿದು ಉಮರ್ಗಾಕ್ಕೆ, ಭಾಲ್ಕಿಯಿಂದ ಔರಾದ ಶಹಾಜಾನಿ ಮೇಲೆ ಹಾದು ನಿಲಂಗಾಕ್ಕೆ, ಬೀದರಿನಿಂದ ರೈಲು ಹತ್ತಿ ಕಮಲನಗರದ ಮೇಲೆ ಉದಗೀರಕ್ಕೆ. ಎಲೆಕೋಸು ಪಂಥ ಲಾತೂರ, ಸೋಲಾಪುರಗಳಿಂದ ಕೆಳಗಿಳಿದು ಬಂದು ಇದೇ ಊರುಗಳಲ್ಲಿ ಬೀಡು ಬಿಟ್ಟಿದೆ. ಎರಡೂ ಸೇನೆಗಳು ಮುಖಾಮುಖಿಯಾಗುವ ಗಾಡಿಯ ಎದುರು ನಡೆದ ಕ್ಷೇತ್ರಕಾರ್ಯದ ಒಂದು ತುಣುಕನ್ನು ಯಥಾವತ್ ಕೊಡುತ್ತೇವೆ:

“ತಮ್ಮಾ, ಒಳಗ ಏನ್ ಹಾಕೀದಿ?”

“ಗೋಬಿ ರೀ ಕಾಕಾ.”

“ಯಾ ಗೋಬಿ?”

“ತಿನ್ರಿ ಮೊದಲ. ಮ್ಯಾಲಿಂದ ಮ್ಯಾಲ ಕೇಳ್ಲಕತ್ತರ ಆರಿ ಹೋಗ್ತದ.”

ತಿಂದೆವು. ಗೊತ್ತಾಗಲಿಲ್ಲ. ಎರಡನೆಯದರಲ್ಲಿ ದಂಟಿನಂಥದೊಂದು ಸಿಕ್ಕಿತು, ಅದು ಎಲೆಕೋಸಿನ ದಂಟೂ ಆಗಿರಬಹುದು. ಪಕ್ಕದಲ್ಲಿ ನಿಂತು ತಿನ್ನುತ್ತಿದ್ದ ಹುಡುಗ ಮೊಬೈಲಿನ ಬೆಳಕು ಹಿಡಿದು ಸಹಕರಿಸಿದ; ಆಮೇಲೆ, “ಹಲ್ಲಿ ಸಿಕ್ಕೇದೇನ್ ರೀ ಸರ?” ಎಂದು ಕಾಳಜಿಯಿಂದ ಕೇಳಿದ.

ಡ್ರೈ ಮತ್ತು ಗ್ರೇವಿಗಳ ದಾರ್ಶನಿಕ ಭೇದವನ್ನು ವಿಸ್ತರಿಸಲು ಸ್ಥಳವಿಲ್ಲ. ಉಂಡೆ ಬೇರೆ, ರಸ ಬೇರೆ ಎಂದು ಸಾಧಿಸುವ ಡ್ರೈ ಮತವು ದ್ವೈತ. ಎಲ್ಲವೂ ಕೊನೆಗೆ ಆ ಕಂದು ರಸವೇ ಎನ್ನುವ ಗ್ರೇವಿ ಮತವು ಅದ್ವೈತ. ‘ಸೆಮಿ ಗ್ರೇವಿ’ ಕೇಳುವವರ ಸಂಖ್ಯೆ ಈ ಸೀಮೆಯಲ್ಲಿ ಹೆಚ್ಚೆಂದು ಕಂಡುಬಂತು. ಶಕ್ತಿವಿಶಿಷ್ಟಾದ್ವೈತದ ಮನೆಗಳು ಹೆಚ್ಚಿರುವ ಪ್ರದೇಶದಲ್ಲಿ ಅದು ಸಹಜ.

ಮನೆಗೆ ಒಯ್ಯುವ ಪಾರ್ಸಲ್ಲು ಮಾತ್ರ ಪ್ರತ್ಯೇಕ ಗಮನ ಬೇಡುತ್ತದೆ. ಗಾಡಿಯ ಸುತ್ತ ಗಂಡಸರೇ ನಿಲ್ಲುವ ಈ ಊರುಗಳಲ್ಲಿ ಹೆಣ್ಣುಮಕ್ಕಳ ಚೈನೀಸ್ ಪರಿಚಯವೆಲ್ಲ ತೆಳ್ಳನೆಯ ಪ್ಲಾಸ್ಟಿಕ್ ಚೀಲದ ಮೂಲಕ ಆದದ್ದು. ಚೀಲದ ಬಾಯಿಗೆ ದಾರ ಸುತ್ತಿ ಬಿಗಿದ ಗಂಟನ್ನು ಬಿಚ್ಚುವ ವಿದ್ಯೆ ಇನ್ನೂ ಯಾರಿಗೂ ಸಿದ್ಧಿಸಿಲ್ಲ, ಹಲ್ಲಿನಿಂದ ಹರಿಯಬೇಕು. ಹರಿದ ಮೇಲೆ ಅದು ತಾಟಿಗೆ ಬಿದ್ದು, ಬಿಸಿ ಜೋಳದ ರೊಟ್ಟಿಯ ಮಗ್ಗುಲಲ್ಲಿ ಕೂರುತ್ತದೆ. ರೊಟ್ಟಿಯ ಚೂರಿನಿಂದ ಗ್ರೇವಿ ಬಳಿದು ತಿಂದ ಅತ್ತೆ, “ಉಪ್ಪು ಖಾರ ಛಲೋ ಅದ, ಒಂದೀಟು ಶೇಂಗಾ ಹಿಂಡಿ ಉದುರ್ಸಿದ್ರ ಇನ್ನಾ ಹತ್ತತಿತ್ತು” ಎನ್ನುತ್ತಾಳೆ. ಸೊಸೆ ಮರುದಿನವೇ ಯೂಟ್ಯೂಬ್ ನೋಡಿ ಅದನ್ನು ಮನೆಯಲ್ಲಿ ಮಾಡುತ್ತಾಳೆ, ಹಿಂಡಿ ಉದುರಿಸಿಯೇ. ಇಲ್ಲಿಗೆ ನೆಲ್ಸನ್ ವಾಂಗ್‌ನ ಋಣ ತೀರಿತು.

ವರ್ಣ ಪ್ರಕರಣ

ಕೇಶಿರಾಜನು ‘ಶಬ್ದಮಣಿದರ್ಪಣ’ದಲ್ಲಿ ಶಬ್ದದ್ರವ್ಯಕ್ಕೆ ಬಿಳಿಯ ಬಣ್ಣ ಹೇಳಿದ್ದಾನೆ. ಗೋಬಿದ್ರವ್ಯಕ್ಕೆ ಯಾವ ಬಣ್ಣ ಎಂಬುದನ್ನು ಕರ್ನಾಟಕ ಸರ್ಕಾರ 2024ರ ಮಾರ್ಚ್ 11ರಂದು ತೀರ್ಮಾನಿಸಿತು. ಅಲ್ಲಿಯ ಆಹಾರ ಸುರಕ್ಷತೆಯವರು ಸಂಗ್ರಹಿಸಿದ 171 ಗೋಬಿ ಮಾದರಿಗಳಲ್ಲಿ 107ರಲ್ಲಿ ಅಸುರಕ್ಷಿತ ಕೃತಕ ಬಣ್ಣ ಕಂಡುಬಂದು, ಗೋಬಿಗೂ ಬಾಂಬೆ ಮಿಠಾಯಿಗೂ ಬಣ್ಣ ಬೆರೆಸುವುದು ನಿಷಿದ್ಧವಾಯಿತು. ಅದೇ ವರ್ಷದ ಆರಂಭದಲ್ಲಿ ಗೋವಾದ ಮಾಪುಸಾ ನಗರಸಭೆ ಗೋಬಿ ಮಂಚೂರಿಯನ್ ಗಾಡಿಗಳನ್ನೇ ಬೇಡವೆಂದಿತ್ತು. ಮರಾಠಿ, ಕೊಂಕಣಿ, ಕನ್ನಡಗಳ ಜಗಳದಲ್ಲಿ ಸಿಕ್ಕದ ಒಮ್ಮತ ಗೋಬಿಯ ವಿರುದ್ಧ ಸಿಕ್ಕೀತೆಂದು ಭಾಷಾಶಾಸ್ತ್ರಜ್ಞರು ಊಹಿಸಿರಲಿಲ್ಲ.

ಇದರಿಂದ ಗಡಿಶಾಸ್ತ್ರಕ್ಕೆ ಹೊಸ ಬೆಳಕು ಬಿತ್ತು. ಅಲ್ಲಿಯ ತನಕ ನಕಾಶೆಯಲ್ಲಷ್ಟೇ ಇದ್ದ ಗೆರೆ ತಟ್ಟೆಯಲ್ಲಿ ಕಾಣತೊಡಗಿತು. ಕಮಲನಗರದ ಕಡೆ ಗೋಬಿ ಒಮ್ಮೆಲೇ ಮಣ್ಣಿನ ಬಣ್ಣಕ್ಕೆ ತಿರುಗಿ, ಗಿರಾಕಿಗಳು ಇದು ಹಸಿ ಅದ, ಸುಟ್ಟದ, ನಿನ್ನೀದು ಅದ ಎಂದು ಸಂಶಯಪಟ್ಟರು. ಕೆಂಪು ಬೇಕಾದವರು ಗಡಿ ದಾಟಿ ಉದಗೀರಕ್ಕೆ ಬಂದರೆಂಬ ಸುದ್ದಿಯನ್ನು ನಾವು ಪರಿಶೀಲಿಸಲು ಹೋದಾಗ, ಅಲ್ಲಿದ್ದವರೆಲ್ಲ ಬೀದರಕ್ಕೆ ಮದುವೆಗೆ ಹೋಗಿದ್ದರು. ಬಟ್ಟೆಗೆ ಹಾಕುವ ರೋಡಮೈನ್-ಬಿಯಂಥ ಬಣ್ಣಗಳಿಗೆ ದೇಶದ ಕಾನೂನು ಯಾವ ಕಡೆಯೂ ಆಹಾರದಲ್ಲಿ ಪರವಾನಗಿ ಕೊಟ್ಟಿಲ್ಲ ಎಂಬ ನೀರಸ ಸತ್ಯವನ್ನು ಇಲ್ಲಿ ದಾಖಲಿಸಿ, ಹಿಗ್ಗು ತಗ್ಗಿಸುತ್ತೇವೆ.

ಕಡಾಯಿ ಮಡಿ

ಲಿಂಗಾಯತ ಮನೆಯ ಹಿರಿಯರು ಗಾಡಿಯ ಹತ್ತಿರ ಬಂದರೆ ಮೊದಲು ಕೇಳುವ ಪ್ರಶ್ನೆ: ಕಡಾಯಿ ಒಂದೋ ಎರಡೋ? ಎಡಗಡೆಯದು ವೆಜ್, ಬಲಗಡೆಯದು ನಾನ್‌ವೆಜ್ ಎಂದು ಮಾಲಕ ಪ್ರಮಾಣ ಮಾಡುತ್ತಾನೆ. ಎರಡು ಕಡಾಯಿಗೆ ಝಾರಿ ಒಂದೇ ಇರುವುದನ್ನು ನೋಡಿಯೂ ನೋಡದಂತಿರುವುದು ಗಡಿನಾಡಿನ ಸೌಜನ್ಯ. ಶ್ರಾವಣದಲ್ಲಿ ಬಲಗಡೆಯ ಕಡಾಯಿ ಬೋರಲಾಗುತ್ತದೆ, ಇಡೀ ಗಾಡಿ ‘ಪ್ಯೂರ್ ವೆಜ್’ ಆಗುತ್ತದೆ, ಡ್ರ್ಯಾಗನ್ನಿನ ಹಣೆಗೂ ಒಂದು ಬೊಟ್ಟು ಬೀಳುತ್ತದೆ.

ಮಹಾನಗರ ಪರ್ವ

ಶಾಸ್ತ್ರವೆಂದಮೇಲೆ ತುಲನೆ ಬೇಕು. ನಿಲಂಗಾದ ಮನೆತನವೊಂದು ಪುಣೆಯ ಮಾಲೊಂದರ ‘ಪ್ಯಾನ್ ಏಷಿಯನ್’ ರೆಸ್ಟೋರೆಂಟಿಗೆ ಹೋಗಿಬಂದ ವೃತ್ತಾಂತವನ್ನು ಆ ಮನೆಯ ಮೊಮ್ಮಗನ ಬಾಯಿಂದಲೇ ಬರೆದುಕೊಂಡಿದ್ದೇವೆ. ಹಿಂಜವಡಿಯಲ್ಲಿ ಐಟಿ ಕೆಲಸದ ಈ ಮೊಮ್ಮಗ ಸಂಬಳ ಹೆಚ್ಚಾದ ಖುಷಿಗೆ ಮುತ್ಯಾ (ಅಜ್ಜ), ಅಮ್ಮ (ಅಜ್ಜಿ), ಅಪ್ಪ, ಅವ್ವ ನಾಲ್ವರನ್ನೂ ಕರೆದೊಯ್ದ. ಮುತ್ಯಾನದು ಧೋತರ, ಪಟಕಾ. ಅಮ್ಮನದು ಇಳಕಲ್ ಸೀರೆ.

ಕೂತ ಕೂಡಲೇ ಬಿಸಿ ಒದ್ದೆ ಟವೆಲಿನ ಸುರುಳಿ ಬಂತು. ಮುತ್ಯಾ ಅದರಿಂದ ಮುಖ ಒರೆಸಿ, ಕುತ್ತಿಗೆ ಒರೆಸಿ, ಪಟಕಾ ತೆಗೆದು ತಲೆ ಒರೆಸಿ, “ಇದು ಛಲೋ ಅದ, ಇನ್ನೊಂದು ತಾ ಅನ್ನು” ಎಂದರು. ಆ ಸಂಜೆಯ ಊಟದಲ್ಲಿ ಅವರು ಪೂರ್ಣ ಮನಸ್ಸಿನಿಂದ ಮೆಚ್ಚಿದ ವಸ್ತು ಅದೊಂದೇ ಎಂದು ಮೊಮ್ಮಗನ ಸಾಕ್ಷ್ಯ. ಆಮೇಲೆ ಥಾಯ್ಲೆಂಡಿನ ಸೂಪು ಬಂತು. ಅದರೊಳಗಿನ ಮಜ್ಜಿಗೆ ಹುಲ್ಲಿನ ಕಡ್ಡಿಯನ್ನು ಮುತ್ಯಾ ಬೆರಳಿನಿಂದ ಎತ್ತಿ, ಕಚ್ಚಿ ನೋಡಿ, ಬಟ್ಟಲಿನ ಅಂಚಿಗೆ ಇಟ್ಟರು. “ದೇವಣಿ ಎತ್ತಿಗಿ ಸೈತ ನಾವು ಒಣಗಿಸಿ ಹಾಕ್ತೀವಿ. ಇವರು ಹಸೀದು ಕುದಿಸಿ ಮನಶಾಗ ಕೊಡ್ಲಕತ್ತಾರ.” ಬಿದಿರ ಬುಟ್ಟಿಯಲ್ಲಿ ಬಂದ ಡಿಮ್ ಸಮ್ ನೋಡಿ ಅಮ್ಮ, “ಕಡಬು! ಹೂರಣ ತುಂಬೋದು ಮರ್ತಾರ” ಎಂದಳು. ಸುಶಿಯನ್ನು ಯಾರೂ ಮುಟ್ಟಲಿಲ್ಲ. ಅಪ್ಪ ಅದರ ದರ ಓದಿ, ಒಂದು ತುಂಡಿಗೆಷ್ಟೆಂದು ಲೆಕ್ಕ ಹಾಕಿ, ಆ ರೊಕ್ಕಕ್ಕೆ ಎಷ್ಟು ಕಿಲೋ ಸೋಯಾ ಮಾರಬೇಕಾಗುತ್ತದೆ ಎಂದು ಮೇಜಿನ ಕಾಗದದ ಮೇಲೆ ಭಾಗಾಕಾರ ಮಾಡುತ್ತಿದ್ದರು.

ಕಡೆಗೆ ಅವ್ವ ಎಲ್ಲರ ಮರ್ಯಾದೆ ಉಳಿಸಲೆಂದು, “ಸುಮ್ನ ಒಂದು ಮಂಚೂರಿಯನ್ ತಗೋಂಡ್ ಬಾ ಅನ್ನಪ್ಪ, ಎಲ್ಲಾರೂ ತಿಂತಾರ” ಎಂದಳು. ವೇಟರು ಬಾಗಿ, ವಿನಯದಿಂದ, ತಮ್ಮಲ್ಲಿ ಅದು ಇಲ್ಲವೆಂದೂ, ಅದು ನಿಜವಾದ ಚೈನೀಸ್ ಅಲ್ಲವೆಂದೂ ತಿಳಿಸಿದ. ಮೇಜಿನ ಸುತ್ತ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಮುತ್ಯಾ ಪಟಕಾ ಸರಿಮಾಡಿಕೊಂಡು ಗೋಡೆಯ ಮೇಲಿನ ಚಿತ್ರಗಳನ್ನೊಮ್ಮೆ, ವೇಟರನನ್ನೊಮ್ಮೆ ನೋಡಿ ಮೊಮ್ಮಗನಿಗೆ ಹೇಳಿದರು: “ಏಳು ತಮ್ಮಾ. ಇವರು ಚೈನೀಸ್ ಅಲ್ಲ. ಬೋರ್ಡ್ ಹಚ್ಚಿ ಮಂದೀನ ಫಸಾಯಿಸ್ಲಕತ್ತಾರ.”

ಈ ಸಾಕ್ಷ್ಯದ ತೂಕ ಎಷ್ಟೆಂಬುದನ್ನು ಬಲ್ಲವರು ಬಲ್ಲರು. ಪ್ರಮಾಣಗ್ರಂಥ ಯಾವುದು ಎಂಬ ಚರ್ಚೆಯಲ್ಲಿ ಮೂಲದ ಪ್ರತಿಗಿಂತ ಜನರ ಬಾಯಿಯಲ್ಲಿ ನಿಂತ ಪಾಠಕ್ಕೇ ಮನ್ನಣೆ ಸಲ್ಲಬೇಕೆನ್ನುವವರ ಪಕ್ಷಕ್ಕೆ ಮುತ್ಯಾ ಸೇರುತ್ತಾರೆ. ಮೊಮ್ಮಗ ಅದೇ ರಾತ್ರಿ ಹಾಸ್ಟೆಲ್ಲುಗಳ ಬೀದಿಯಲ್ಲಿ ಗಾಡಿ ಹುಡುಕಿ, ಹೆಡೆಯಿರುವ ಡ್ರ್ಯಾಗನ್ ಕಂಡು, ಮಾಲಕನ ಊರು ಕೇಳಿದರೆ, ಉಮರ್ಗಾ ತಾಲೂಕಿನವನು. ಮಾತು ಕನ್ನಡಕ್ಕೆ ತಿರುಗಿತು. ಹಾಫ್ ಹೇಳಿದ್ದು ಫುಲ್ ಬಂತು.

ಮೌಖಿಕ ಪರೀಕ್ಷೆ

ಇಷ್ಟು ಸಾಮಗ್ರಿ ಕೂಡಿಸಿಕೊಂಡು, ಹೂಕೋಸು–ಎಲೆಕೋಸು ಗಡಿರೇಖೆಯ ಕರಡು ನಕಾಶೆಯೊಂದಿಗೆ ನಾವು ಉಮರ್ಗಾದ ಗಾಡಿಯೊಂದರ ಮುಂದೆ ಹಾಜರಾದೆವು. ನಕಾಶೆಯಲ್ಲಿ ಕೆಂಪು ಗೆರೆ ಊರಿನ ನಟ್ಟನಡುವೆ, ಸರಿಯಾಗಿ ಆ ಗಾಡಿಯ ಎರಡು ಕಡಾಯಿಗಳ ಸಂದಿಯಲ್ಲಿ ಹಾದುಹೋಗಿತ್ತು. ಮಾಲಕ ಕೈ ಒರೆಸಿಕೊಂಡು, ನಕಾಶೆಯನ್ನು ಬೆಳಕಿಗೆ ಹಿಡಿದು, ಎಣ್ಣೆಯ ಎರಡು ಹೊಸ ಜಿಲ್ಲೆಗಳನ್ನು ಅದಕ್ಕೆ ಸೇರಿಸಿ, ಕೇಳಿದ:

“ಇದು ಏನ್ ರೀ ಸರ?”

ವಿವರಿಸಿದೆವು. ಕವಿರಾಜಮಾರ್ಗದಿಂದ ಮಹಾಜನ ಆಯೋಗದ ತನಕ ವಿವರಿಸಿದೆವು. ಅವನು ನಡುನಡುವೆ ಎರಡು ಪಾರ್ಸಲ್ ಕಟ್ಟಿ ಕೊಟ್ಟ, ಒಬ್ಬನಿಗೆ ಚಿಲ್ಲರೆ ಇಲ್ಲವೆಂದು ಬೈದ, ಮತ್ತೆ ಕಿವಿಗೊಟ್ಟ. ಎಲ್ಲ ಕೇಳಿದ ಮೇಲೆ ಹೇಳಿದ:

“ಹಂಗೇನಿಲ್ಲ ರೀ. ಮುಂಜಾನಿ ಬಜಾರದಾಗ ಫ್ಲಾವರ್ ಸಸ್ತಾ ಇದ್ರ ಫ್ಲಾವರ್, ಪತ್ತಾ ಸಸ್ತಾ ಇದ್ರ ಪತ್ತಾ. ಎರಡೂ ತುಟ್ಟಿ ಇದ್ರ ಮೈದಾ ಜಾಸ್ತಿ. ಚಳಿಗಾಲದಾಗ ಫ್ಲಾವರ್ ಅಗ್ಗ ಬೀಳ್ತದ, ಆಗ ನಮ್ದೆಲ್ಲ ಕರ್ನಾಟಕ. ಬ್ಯಾಸಿಗಿ ಬಂದ್ರ ಮಹಾರಾಷ್ಟ್ರ.”

ನಿವೇದಕನಿಗೆ ಸಂಶೋಧನಾ ವಿಧಾನದ ತರಬೇತಿ ಇಲ್ಲದಿರುವುದು ಸ್ಪಷ್ಟ. ಮಾತಿನ ಶೈಲಿ ಪ್ರಬಂಧದ ಉಳಿದ ಭಾಗಕ್ಕೆ ಹೊಂದುವುದಿಲ್ಲ. ಪೂರ್ವಸೂರಿಗಳಲ್ಲಿ ಯಾರೂ ಇದನ್ನು ಉಲ್ಲೇಖಿಸಿಲ್ಲ. ಪ್ರತಿಯ ಈ ಹಾಳೆಯ ಮೇಲೆ ಸಾಸಿನ ಕಲೆಯೂ ಇದೆ. ಆದ್ದರಿಂದ ಸದರಿ ಹೇಳಿಕೆಯನ್ನು ಪ್ರಕ್ಷಿಪ್ತವೆಂದು ಭಾವಿಸಿ, ಮುಂದಿನ ಆವೃತ್ತಿಯಲ್ಲಿ ಕೈಬಿಡಲಾಗುವುದು.